ನಲವತ್ತು ನಿಮಿಷದ ನಿಲುಗಡೆ

ಸುರ್‌ಕಾಂಪ್ ನಿಲ್ದಾಣದ ಊಟದಂಗಡಿಯನ್ನು ಮೆಂಜಾ ಇಪ್ಪತ್ತೆಂಟು ವರ್ಷದಿಂದ ನಡೆಸುತ್ತಿದ್ದಳು. ಐದು ಮೇಜು, ಒಂದು ಒಲೆ, ಗಂಟೆಗೊಂದು ರೈಲು. ಹಳಿ ಕೆಲಸದವರಿಗೆ ಹೊಗೆಯಾಡಿಸಿದ ಮಾಂಸ ಹಾಕಿದ ಬಾರ್ಲಿ ಸೂಪು, ಕೆಸರು ಬೂಟಿನಲ್ಲಿ ನುಗ್ಗುವ ಬೇಟೆಗಾರರಿಗೆ ಮೊದಲು ಬೈಗುಳ, ಆಮೇಲೆ ಸೂಪು. ವಯಸ್ಸು ಅರವತ್ತೊಂದು, ಮೊಣಕಾಲಿಗೆ ಮಾತ್ರ ಎಂಬತ್ತು ಎಂದು ಅವಳೇ ಹೇಳುತ್ತಿದ್ದಳು.

ಪ್ಲಾಟ್‌ಫಾರ್ಮಿನ ತುದಿಯಲ್ಲಿ ಎದೆಮಟ್ಟದ ಒಂದು ಕಲ್ಲಿತ್ತು. ಅದರ ಮೇಲೆ ಐದು ಹೆಸರು. ಹಳಿಯ ಮೇಲಿನ ಹಿಮ ತೆಗೆಯಲು ಹೋಗಿದ್ದಾಗ ಬೆಟ್ಟದ ಹಿಮವೆಲ್ಲ ಕಳಚಿಕೊಂಡು ಬಂದು ಐವರನ್ನೂ ಮುಚ್ಚಿಹಾಕಿತ್ತು. ಮೂರನೆಯ ಹೆಸರು ಮೆಂಜಾಳ ಅಪ್ಪನದು. ಆಗ ಅವಳಿಗೆ ನಾಲ್ಕು ವರ್ಷ.

ಆ ಸೆಪ್ಟೆಂಬರಿನಲ್ಲಿ ಊರಿಗೊಂದು ಸುದ್ದಿ ಬಂತು. ಲಾರ್ಚ್ ಮರಗಳು ಹೊಂಬಣ್ಣಕ್ಕೆ ತಿರುಗುವ ಅಕ್ಟೋಬರಿನಲ್ಲಿ ಜ್ಯೂರಿಕ್‌ನ ಪ್ರವಾಸದ ಕಂಪನಿಯೊಂದು ವಿಶೇಷ ರೈಲು ಬಿಡುತ್ತದಂತೆ. ಜನ ಇಳಿದು ತಿಂದು ಫೋಟೋ ತೆಗೆಯಲು ದಾರಿಯಲ್ಲಿ ನಲವತ್ತು ನಿಮಿಷ ನಿಲುಗಡೆ. ಅದು ಸುರ್‌ಕಾಂಪೋ, ಎರಡು ನಿಲ್ದಾಣ ಮೇಲಿನ ಪ್ರಾದ್‌ಲುಂಗೋ ಎಂದು ಆರಿಸಲು ಲೋಖರ್ ಎಂಬಾತ ಬರುತ್ತಾನೆ.

ಊರಿನ ಅಧ್ಯಕ್ಷ ಜೇರಿ ಮೆಂಜಾಳ ಜೊತೆ ಶಾಲೆಗೆ ಹೋದವನು. ಪಟ್ಟಿ ಹಿಡಿದು ಅಂಗಡಿಗೆ ಬಂದ.

"ನಿಮ್ಮಮ್ಮನ ಕಸೂತಿ ಲಂಗ ಇದೆಯಲ್ಲ, ಅದನ್ನ ಹಾಕ್ಕೊಂಡು ಸೂಪು ಬಡಿಸ್ಬೇಕು ನೀನು."

"ಯಾಕೆ, ನನ್ನ ಮೈಮೇಲಿರೋದು ಬಟ್ಟೆ ಅಲ್ವಾ?"

"ತಮಾಷೆ ಬೇಡ ಮಾರಾಯ್ತಿ. ಆ ರೈಲು ಪ್ರಾದ್‌ಲುಂಗಿನವರಿಗೆ ಹೋದ್ರೆ, ನಾಳೆ ಮಾಮೂಲಿ ರೈಲೂ ಇಲ್ಲಿ ನಿಲ್ಲಲ್ಲ. ಆಗ ನೀನು ಸೂಪು ಯಾರಿಗೆ ಬಡಿಸ್ತೀಯ?"

ಮೆಂಜಾ ಪೆಟ್ಟಿಗೆಯಿಂದ ಲಂಗ ತೆಗೆದಳು.

ಲೋಖರ್ ಬರುವ ದಿನ ಗೊಬ್ಬರದ ಗುಂಡಿಗೆ ಹಸಿರು ತಾಡಪಾಲು ಹೊದಿಸಿದರು. ಬೆಟ್ಟದಿಂದ ಇಳಿದು ಬಂದಿದ್ದ ಹಸುಗಳನ್ನು ತೊಳೆದು, ಗಂಟೆ ಕಟ್ಟಿ ಮತ್ತೆ ಮೇಲಕ್ಕೆ ಅಟ್ಟಿದರು. ಮೆಂಜಾಳ ಮೈದುನ ಬಾಲ್ಟ್ಸರ್‌ನ ಬಾಯಿಗೆ ಹೊಗೆಸೊಪ್ಪು ಸೇದುವ ಒಂದು ಪೈಪು ತುರುಕಿ ಬೆಂಚಿನ ಮೇಲೆ ಕೂರಿಸಿದರು.

"ಅತ್ತಿಗೆ, ನಾನು ಹುಟ್ಟಿದಾಗಿಂದ ಇದನ್ನ ಮುಟ್ಟಿದವನಲ್ಲ. ಯಾರ ಎಂಜಲೋ ಏನೋ, ಒಳಗೆಲ್ಲ ಅಂಟಂಟು," ಎಂದ ಬಾಲ್ಟ್ಸರ್.

"ಉಗಿ ಅದನ್ನ!" ಎಂದಳು ಮೆಂಜಾ. ಅವನು ಉಗಿಯಲಿಲ್ಲ. ಅಷ್ಟರಲ್ಲಿ ರೈಲು ಬಂದಿತ್ತು.

ಲೋಖರ್ ಬೆರಳುಗಳಿಂದ ಚೌಕ ಮಾಡಿ ಅದರೊಳಗಿಂದಲೇ ಊರು ನೋಡುತ್ತ ನಡೆದ. ಕಲ್ಲಿನ ಮುಂದೆ ನಿಂತು, "ಇದೇನು?" ಎಂದು ಕೇಳಿದ.

"ಅದು... ಹಳೇ ಕಾಲದ್ದು. ಹಿಮದಲ್ಲಿ ಹೋದವರ ನೆನಪಿಗೆ," ಎಂದ ಜೇರಿ.

"ಜನ ಖುಷಿಯಾಗಿರೋಕೆ ಬರ್ತಾರೆ. ಇಳಿದ ಕೂಡಲೇ ಸತ್ತವರ ಹೆಸರು ಯಾಕೆ? ಫೋಟೋಕ್ಕೂ ಅಡ್ಡ."

"ಸರಿಸಿದ್ರಾಯ್ತು ಬಿಡಿ ಲೋಖರ್ ಅವ್ರೇ, ಅದೇನು ದೊಡ್ಡ ಕೆಲಸ?"

ಹಾರೆ ಹಿಡಿದು ಮೂವರು ಬಂದರು. ಮೂವರೂ ಮೆಂಜಾಳ ಸೂಪು ತಿಂದು ಬೆಳೆದವರೇ. ಹತ್ತು ನಿಮಿಷದಲ್ಲಿ ಕಲ್ಲು ಶೌಚಾಲಯದ ಹಿಂದೆ ಬೋರಲಾಗಿ ಬಿದ್ದಿತ್ತು. ಮೆಂಜಾ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತು ನೋಡಿದಳು.

ಲೋಖರ್ ಒಂದು ಚಮಚ ಸೂಪು ಬಾಯಿಗಿಟ್ಟು, ಅಗಿದ ಮಾಂಸದ ಚೂರನ್ನು ಬಟ್ಟಲಿಗೇ ಉಗಿದ. "ಹೊಗೆ ವಾಸನೆ ಸ್ವಲ್ಪ ಜಾಸ್ತಿ ಅಮ್ಮಾ. ಇರಲಿ, ಎಲ್ಲಿ, ಒಂದು ನಗು ಕೊಡಿ."

ಮೆಂಜಾ ನಕ್ಕಳು. ಹಲ್ಲು ಕಾಣುವ ಹಾಗೆ, ಅವನು ಸಾಕೆನ್ನುವವರೆಗೂ.

ಬಟ್ಟಲು ತೊಳೆಯುವಾಗ ಆ ಮಾಂಸದ ಚೂರು ಅವಳ ಬೆರಳಿಗೆ ಅಂಟಿತು. ಆ ಎಂಜಲನ್ನಾದರೂ ಸಹಿಸಬಹುದಿತ್ತು. ತಾನು ಹಲ್ಲು ಬಿಟ್ಟು ನಕ್ಕಿದ್ದು ನೆನಪಾದಾಗ ಮಾತ್ರ ತಡೆಯಲಾಗದೆ ಹಿತ್ತಲಿಗೆ ಓಡಿ ವಾಂತಿ ಮಾಡಿಕೊಂಡಳು.

ಎಂಟನೆಯ ದಿನ ಫೋನು ಬಂತು. ಮಧ್ಯಾಹ್ನದ ಬಿಸಿಲು ಚೆನ್ನಾಗಿ ಬೀಳುತ್ತದೆಂದು ಪ್ರಾದ್‌ಲುಂಗನ್ನೇ ಆರಿಸಿದ್ದರು.

"ಬಿಸಿಲು ನನ್ನ ಕೈಲಿದೆಯಾ?" ಎಂದು ಜೇರಿ ಕಾಫಿ ಹೀರಿದ.

"ಕಲ್ಲು ಯಾವಾಗ ಇಡ್ತೀರ?"

"ಈಗ ಹಿಮ ಬೀಳೋ ಹೊತ್ತು. ವಸಂತಕ್ಕೆ ನೋಡೋಣ."

"ಕೀಳೋಕೆ ಹತ್ತು ನಿಮಿಷ, ನೆಡೋಕೆ ಆರು ತಿಂಗಳಾ? ನಿನ್ನ ಮುಖ ನೋಡಿದ್ರೆ ವಾಕರಿಕೆ ಬರತ್ತೆ ಜೇರಿ. ನನ್ನ ಮುಖ ನೋಡ್ಕೊಂಡ್ರೂ ಅಷ್ಟೇ. ಎದ್ದು ಹೋಗು."

ಮರುದಿನ ಬಾಲ್ಟ್ಸರ್ ಟ್ರ್ಯಾಕ್ಟರ್ ತಂದ. ಕಲ್ಲಿಗೆ ಉಚ್ಚೆ ನಾತ ಹಿಡಿದಿತ್ತು. ಮೆಂಜಾ ಬಿಸಿನೀರು ಸುರಿದು, ಮೊಣಕಾಲೂರಿ ಮೂರು ಸಲ ಉಜ್ಜಿದಳು. ಇಬ್ಬರೂ ಸೇರಿ ಅದನ್ನು ಮೊದಲಿದ್ದ ಜಾಗದಲ್ಲೇ ನಿಲ್ಲಿಸಿದರು. ಹಾರೆ ಹಿಡಿದಿದ್ದ ಮೂವರು ಆ ದಿನ ಸೂಪಿಗೆ ಬರಲಿಲ್ಲ.

ಉಜ್ಜಿದ್ದಕ್ಕೆ ಮೊಣಕಾಲು ಊದಿಕೊಂಡಿತು. ಅಕ್ಟೋಬರಿನ ಒಂದು ಶನಿವಾರ ಅಂಗಡಿ ಮುಚ್ಚಿ, ಕಣಿವೆಯಾಚೆಯ ವೈದ್ಯರ ಬಳಿ ಹೊರಟಳು. ಪ್ರಾದ್‌ಲುಂಗಿನಲ್ಲಿ ಅವಳ ರೈಲು ನಿಂತಿತು. ಪಕ್ಕದ ಹಳಿಯಲ್ಲಿ ಪ್ರವಾಸದ ರೈಲಿತ್ತು. ಪ್ಲಾಟ್‌ಫಾರ್ಮ್ ತುಂಬ ಜನ. ಬೇಲಿ ಮುರಿದು ಹುಲ್ಲುಗಾವಲಿಗೆ ನುಗ್ಗಿದವರು, ಫೋಟೋಕ್ಕೆಂದು ಲಾರ್ಚ್ ಕೊಂಬೆ ಜಗ್ಗುವವರು, ಕೊಟ್ಟಿಗೆಯ ಗೋಡೆಗೇ ಉಚ್ಚೆ ಹೊಯ್ಯುತ್ತಿದ್ದ ಒಬ್ಬ. ನಡುವೆ, ಆ ನಿಲ್ದಾಣದ ಊಟದಂಗಡಿಯ ಬಾರ್ಲಾ ಕಸೂತಿ ಲಂಗದಲ್ಲಿ, ತಟ್ಟೆ ಹಿಡಿದು ನಿಂತಿದ್ದಳು. ಸೂಪಿಗೆ ಕೆನೆ ಹಾಕಬೇಕೋ ಬೇಡವೋ ಎಂದು ಮೆಂಜಾಳೊಂದಿಗೆ ಜಗಳವಾಡಿ ಮಾತು ಬಿಟ್ಟು ಒಂಬತ್ತು ವರ್ಷವಾಗಿತ್ತು. ಯಾರೋ ಅವಳ ಮೂಗಿಗೇ ಫೋನು ಹಿಡಿದಿದ್ದ. ಬಾರ್ಲಾ ಹಲ್ಲು ಬಿಟ್ಟು ನಗುತ್ತಿದ್ದಳು. ರೈಲಿನ ಕಿಟಕಿಯಲ್ಲಿ ಮೆಂಜಾಳನ್ನು ಕಂಡವಳೇ ಮುಖ ತಿರುಗಿಸಿಕೊಂಡು ಒಳಗೆ ಹೋದಳು.

ಮೆಂಜಾ ಕುಂಟುತ್ತ ಇಳಿದು ನೇರ ಅಡುಗೆಮನೆಗೆ ನಡೆದಳು.

"ನೋಡಿ ನಗೋಕೆ ಬಂದ್ಯಾ?" ಎಂದಳು ಬಾರ್ಲಾ.

"ನಗೋದನ್ನ ನಾನು ಮೊದಲೇ ಮಾಡಿ ಮುಗಿಸಿದ್ದೀನಿ. ಆ ಲಂಗ ಬಿಚ್ಚು."

"ಬಿಚ್ಚಿದ್ರೆ ಲೋಖರ್ ಸುಮ್ನಿರ್ತಾನಾ?"

"ಅಷ್ಟು ಬೇಕಿದ್ರೆ ಅವನೇ ಹಾಕ್ಕೊಳ್ಳಲಿ."

ಬಾರ್ಲಾ ಲಂಗ ಬಿಚ್ಚಲಿಲ್ಲ. ತಲೆವಸ್ತ್ರ ಮಾತ್ರ ಕಿತ್ತು ಮೂಲೆಗೆ ಎಸೆದಳು. ಮೆಂಜಾ ತೋಳು ಮಡಚಿ ಬಟ್ಟಲುಗಳ ರಾಶಿಗೆ ಕೈ ಹಾಕಿದಳು. ಹೆಚ್ಚಿನವು ಅರ್ಧ ತುಂಬಿಯೇ ಇದ್ದವು. ಒಂದರಲ್ಲಿ ಸಿಗರೇಟಿನ ತುಂಡು ತೇಲುತ್ತಿತ್ತು.

"ಥೂ," ಎಂದಳು ಬಾರ್ಲಾ, "ಹಂದಿಗೂ ಹಾಕೋ ಹಾಗಿಲ್ಲ."

"ಕೆನೆ ಬೇರೆ ಹಾಕಿದ್ದೀಯ," ಎಂದಳು ಮೆಂಜಾ.

ಹೊರಗೆ ಅವಳ ರೈಲು ಹೊರಟಿತು.