ವೇಷದ ಗಿರಾಕಿ

ನನ್ನ ತಂಗಿಗೆ ಕೋಪ ಮೂಗಿನ ತುದಿಯಲ್ಲೇ. ಚಿಕ್ಕವಳಿದ್ದಾಗ ನನ್ನ ಜಡೆ ಹಿಡಿದು ಜಗ್ಗಿ, ಜನ್ಮ ಜಾಲಾಡಿ, ಅರ್ಧ ಗಂಟೆಗೆಲ್ಲ ಬಂದು ನನ್ನ ಮಗ್ಗುಲಲ್ಲೇ ಮಲಗುತ್ತಿದ್ದಳು. ಮನೆಯಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದೇ ಮೆಣಸಿನಕಾಯಿ ಎಂದು. ಅಂಥವಳು ಫ್ರಿಜ್ಜು, ಮಿಕ್ಸಿ ಮಾರುವ ದೊಡ್ಡ ಅಂಗಡಿಯ ದೂರಿನ ಕೌಂಟರಿನಲ್ಲಿ ಹನ್ನೆರಡು ವರ್ಷದಿಂದ ನಗುತ್ತ ಕೂತಿದ್ದಾಳೆಂದರೆ ಯಾರು ತಾನೇ ನಂಬುತ್ತಾರೆ.

ಆ ಅಂಗಡಿಯಲ್ಲೊಂದು ಪದ್ಧತಿಯಿದೆ. ತಿಂಗಳಿಗೊಮ್ಮೆ ಕಂಪನಿಯವರೇ ಯಾರನ್ನಾದರೂ ಗಿರಾಕಿಯ ವೇಷದಲ್ಲಿ ಕಳಿಸುತ್ತಾರೆ. ಬಂದವರು ಬೇಕೆಂದೇ ಕೂಗಾಡುತ್ತಾರೆ, ಕೆಲವರು ಅತ್ತೂಬಿಡುತ್ತಾರೆ. ಕೌಂಟರಿನವಳು ಮೊದಲು ನಗಬೇಕು, ಅವರ ದೂರನ್ನು ಅವರಿಗೇ ತಿರುಗಿ ಹೇಳಬೇಕು, ಆಮೇಲೆ "ನಿಮ್ಮ ತೊಂದರೆ ನನಗೆ ಅರ್ಥವಾಗುತ್ತೆ" ಅನ್ನಬೇಕು. ಮುಖ ಗಂಟಿಕ್ಕಿದರೆ ಅಂಕ ಹೋಯಿತು. ಯಾರು ನಿಜ, ಯಾರು ವೇಷ ಎಂದು ಯಾರೂ ಹೇಳುವುದಿಲ್ಲ. ಹಾಗಾಗಿ ಅವಳಿಗೆ ಎಲ್ಲರ ಮೇಲೂ ಅನುಮಾನ. ತರಕಾರಿಯವನು ಕೊಳೆತ ಟೊಮ್ಯಾಟೊ ತುಂಬಿದರೂ ನಗುತ್ತಾಳೆ.

"ಅವನೂ ಕಂಪನಿಯವನೇನೇ?" ಎಂದು ಒಮ್ಮೆ ಕೇಳಿದೆ.

"ಹೇಗೆ ಹೇಳೋದು," ಎಂದಳು. ತಮಾಷೆಗೆ ಹೇಳಿದ್ದಲ್ಲ ಅದು.

ನನ್ನ ಎದೆಯಲ್ಲಿ ಗಂಟು ಕೈಗೆ ಸಿಕ್ಕಿ ತಿಂಗಳಾದರೂ ಯಾರಿಗೂ ಬಾಯಿ ಬಿಟ್ಟಿರಲಿಲ್ಲ. ಡಾಕ್ಟರು ಆಪರೇಷನ್ ಎಂದ ಮೇಲೆ ಒಬ್ಬಳೇ ನುಂಗಿಕೊಂಡಿರಲು ಧೈರ್ಯ ಸಾಲಲಿಲ್ಲ. ನನಗೆ ಗಂಡನಿಲ್ಲ, ಮಕ್ಕಳಿಲ್ಲ, ಇರುವವಳು ಅವಳೊಬ್ಬಳೇ. ಸಂಜೆ ಅವಳ ಅಡುಗೆಮನೆಯಲ್ಲಿ ನಿಂತು ಹೇಳಿಬಿಟ್ಟೆ. ಅವಳು ಸ್ಟವ್ ಆರಿಸಿದಳು, ಕೈ ಒರೆಸಿಕೊಂಡಳು, ನಕ್ಕಳು.

"ನಿಂಗೆ ಎದೇಲಿ ಗಂಟಾಗಿದೆ. ಆಪರೇಷನ್ ಅಂದಿದ್ದಾರೆ. ಭಯ ಆಗ್ತಿದೆ. ನಿನ್ನ ತೊಂದರೆ ನಂಗೆ ಅರ್ಥ ಆಗುತ್ತೆ ಅಕ್ಕ."

ನನಗೆ ಮೈಯೆಲ್ಲ ಉರಿದುಹೋಯಿತು. "ನಾನೇನು ಕೆಟ್ಟ ಮಿಕ್ಸಿ ತಂದಿದೀನಾ?" ಎಂದವಳೇ ಚಪ್ಪಲಿ ಮೆಟ್ಟಿಕೊಂಡು ಬಂದುಬಿಟ್ಟೆ. ಅವತ್ತಿನಿಂದ ತಲೆಯಲ್ಲಿ ಹುಳ ಹೊಕ್ಕಿತು. ಅಮ್ಮ ಹೋದಾಗ ಇವಳು ನನ್ನ ಬೆನ್ನು ಸವರಿದ್ದಳಲ್ಲ, ಅದೂ ಕೌಂಟರಿನದೇ ಇರಬಹುದೇ? ಹಳೆಯದನ್ನೆಲ್ಲ ಕೆದಕಿ ಕೆದಕಿ ನೋಡಿದೆ. ಒಂದು ವಾರ ಅವಳ ಫೋನ್ ಎತ್ತಲಿಲ್ಲ.

ಎಂಟನೆಯ ದಿನ ಬೆಳಿಗ್ಗೆ ಬಂದು ಬಾಗಿಲು ಬಡಿದಳು. ತೆರೆದದ್ದೇ ತಡ, ನನ್ನ ಜಡೆಗೆ ಕೈ ಹಾಕಿದಳು.

"ಒಂದು ತಿಂಗಳು ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ಯಲ್ಲ, ಬುದ್ಧಿ ಇದ್ಯಾ ನಿಂಗೆ? ನೀನು ಸತ್ರೆ ನಂಗೆ ಯಾರಿದ್ದಾರೆ? ಮೊಂಡು ಕತ್ತೆ. ನಡಿ ಆಸ್ಪತ್ರೆಗೆ."

ಜೀವ ತಣ್ಣಗಾಯಿತು. ನನ್ನ ಮೆಣಸಿನಕಾಯಿ ವಾಪಸ್ ಬಂದಿದ್ದಳು. ಕಣ್ಣೊರೆಸಿಕೊಂಡು ತಲೆಯೆತ್ತಿದರೆ, ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಗಿರಾಕಿಗೆ ಸಮಾಧಾನವಾಯಿತೇ ಎಂದು ಅಳೆಯುವ ನೋಟ.

"ನಿಜ ಹೇಳು," ಎಂದೆ. "ಕೋಪ ಬಂದು ಬೈದ್ಯಾ, ಇಲ್ಲಾ ನಂಗೆ ಅದೇ ಬೇಕು ಅಂತ ಬೈದ್ಯಾ?"

ಅವಳು ಜಡೆ ಬಿಟ್ಟು ಮೆಟ್ಟಿಲ ಮೇಲೆ ಕೂತಳು. ಈ ಸಲ ನಗಲಿಲ್ಲ.

"ದಾರೀಲಿ ಬರ್ತಾ ನಾಲ್ಕು ಸಲ ಹೇಳ್ಕೊಂಡು ನೋಡ್ದೆ ಅಕ್ಕ. ಕೋಪ ಬರುತ್ತೇನೋ ಅಂತ."

"ಬಂತಾ?"

"ಗೊತ್ತಾಗ್ತಿಲ್ಲ."

ಅವಳ ಪಕ್ಕ ಕೂತು ಕೈ ಹಿಡಿದುಕೊಂಡೆ. ಬೆರಳುಗಳು ತಣ್ಣಗಿದ್ದವು, ನಡುಗುತ್ತಿದ್ದವು. ಇದನ್ನು ಕಂಪನಿ ಕಲಿಸಿರಲಾರದು ಎಂದುಕೊಂಡು, ಬ್ಯಾಗ್ ತರಲು ಒಳಗೆ ಹೋದೆ.