ಅನೋರ್ಖೋನಕ್ಕನ ಹರಿವಾಣ

ಮರ್ಗಿಲಾನ್ ಪಟ್ಟಣದ ನಮ್ಮ ಓಣಿಯಲ್ಲಿ ಅನೋರ್ಖೋನಕ್ಕನಿಗೆ ಎದುರಾಡಿದವರಿಲ್ಲ. ರೇಷ್ಮೆ ಕಾರ್ಖಾನೆಯಲ್ಲಿ ಮಗ್ಗಗಳ ಸದ್ದನ್ನು ಮೀರಿಸಿ ಕೂಗಿ ಕೂಗಿ ಪಳಗಿದ ಗಂಟಲು. ಕೆಲಸ ಬಿಟ್ಟ ಮೇಲೆ ಅದನ್ನೆಲ್ಲ ಗಂಡುಮಕ್ಕಳ ಮೇಲೂ ಅಂಗಳದ ಕೋಳಿಗಳ ಮೇಲೂ ಖರ್ಚು ಮಾಡುತ್ತಿದ್ದಳು. ನಾನು ಗೋಡೆಯಾಚೆಯವಳು. ಕದ್ದು ಕೇಳುತ್ತೇನೆ ಅಂತಲ್ಲ, ಕಿವಿ ಮುಚ್ಚಿಕೊಂಡರೂ ಕೇಳಿಸುತ್ತದೆ.

ಮನೆಮಂದಿಯೆಲ್ಲ ಒಂದೇ ಹರಿವಾಣದಿಂದ ಪಲಾವ್ ಉಣ್ಣಬೇಕೆಂಬುದು ಅವಳ ಹಟ. ನಾವೆಲ್ಲ ಹಾಗೇ ಉಣ್ಣುವುದು, ಸರಿ. ಆದರೆ ಅವಳ ಮನೆಯಲ್ಲಿ ಬೇರೆ ತಟ್ಟೆ ಕೇಳಿದರೆ ಆಸ್ತಿಯಲ್ಲಿ ಪಾಲು ಕೇಳಿದಷ್ಟೇ ರಂಪವಾಗುತ್ತಿತ್ತು.

ವಸಂತದಲ್ಲಿ ಕಿರಿಮಗನ ಮದುವೆಯಾಯಿತು. ಸೊಸೆ ಮುನೀಸಾ ಬೆಟ್ಟದ ಕಡೆಯ ಹಳ್ಳಿಯವಳು, ಮೆತ್ತನೆಯ ಹುಡುಗಿ. ಬೆಳಗಾದರೆ ಅಂಗಳ ಗುಡಿಸಿ ಎಲ್ಲರಿಗೂ ಬಾಗಿ ಸಲಾಮು ಮಾಡುವಳು. ಊಟಕ್ಕೆ ಕೂತರೆ ಮಾತ್ರ ಅಷ್ಟು ಗಂಡಸರ ಕೈಗಳ ನಡುವೆ ತನ್ನ ಕೈ ತೂರಿಸಲಾರದೆ, ಅಂಚಿನ ನಾಲ್ಕು ಅಗುಳು ಕೆದಕಿ ಎದ್ದುಬಿಡುವಳು. ದಿನೇ ದಿನೇ ಸೊರಗಿದಳು. ತವರಿಗೆ ಹೋಗಿಬರುತ್ತೇನೆ ಅಂದಾಗ ಅಕ್ಕ ನೇರ ನಮ್ಮ ಮನೆಗೆ ಓಡಿಬಂದಳು. ಹಿರಿಸೊಸೆಯೂ ಹೀಗೇ ಹೇಳಿ ಹೋದವಳು ತಿರುಗಿ ಬಂದಿರಲಿಲ್ಲ.

"ಇವಳೂ ಹೋದ್ರೆ ತಪ್ಪು ನಂದೇ ಅಲ್ವೇನೇ?" ಅಂತ ನನ್ನೆದುರು ಅತ್ತಳು. ಅವಳು ಅತ್ತದ್ದನ್ನು ನಾನು ಅದೇ ಮೊದಲು ನೋಡಿದ್ದು.

ಹುಡುಗಿಯ ಮನಸ್ಸು ಇಲ್ಲಿ ನಿಲ್ಲಲೆಂದು ಬೀಗಿತ್ತಿಗೆ ಹೇಳಿಕಳಿಸಿ, ಅವಳ ತವರಿನಿಂದಲೇ ಇನ್ನೂ ಮೊಟ್ಟೆಗೆ ಬಾರದ ಎಳೆ ಹೇಂಟೆಗಳನ್ನು ತರಿಸಿದಳು. ಮುನೀಸಾ ಅವನ್ನು ಮಡಿಲಲ್ಲಿಟ್ಟುಕೊಂಡು ನಕ್ಕಳು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ನಮ್ಮ ಅಕ್ಕ ಸುಮ್ಮನಿರಬೇಕಲ್ಲ! ಉಳಿದ ಪಲಾವನ್ನು ಹಳೇ ಹರಿವಾಣಕ್ಕೆ ಸುರಿದು ಅಂಗಳದ ನಡುವೆ ಇಟ್ಟು, ಒಟ್ಟಿಗೆ ತಿಂದರೆ ಒಂದಾಗುತ್ತವೆ ಅಂತ ಹಳೇ ಕೋಳಿಗಳ ಜೊತೆ ಹೊಸವನ್ನೂ ಬಿಟ್ಟಳು.

ಹಳೇ ಕೆಂಪು ಹೇಂಟೆ ನುಗ್ಗಿಬಂದು ಒಂದರ ನೆತ್ತಿ ಕುಕ್ಕಿ ರಕ್ತ ಬರಿಸಿತು. ಮಿಕ್ಕವು ದ್ರಾಕ್ಷಿ ಚಪ್ಪರದ ಮೂಲೆಗೆ ಓಡಿ ಅವಿತವು. ಮುನೀಸಾ ಗಾಯದ ಹೇಂಟೆಯನ್ನು ಎತ್ತಿಕೊಂಡು, ಆ ಮನೆಗೆ ಬಂದ ಮೇಲೆ ಮೊದಲ ಬಾರಿ ಗಟ್ಟಿ ದನಿಯಲ್ಲಿ ಮಾತಾಡಿದಳು.

"ಇವಕ್ಕೆ ಬೇರೆ ತಟ್ಟೆ ಇಡ್ಬೇಕಮ್ಮಾ. ಪರಿಚಯ ಇಲ್ದೋರ ಮಧ್ಯೆ ಕೂತ್ಕೊಂಡು ತಿನ್ನು ಅಂದ್ರೆ, ಹಸಿವಿದ್ರೂ ಗಂಟ್ಲಲ್ಲಿ ಇಳಿಯಲ್ಲ."

ಅಕ್ಕ ಸೊಸೆಯ ಕೈಯನ್ನೇ ನೋಡುತ್ತ ನಿಂತಳು. ಮದುವೆಯಲ್ಲಿ ಬಿಗಿಯಾಗಿದ್ದ ಬಳೆ ಮೊಣಕೈವರೆಗೆ ಜಾರುತ್ತಿತ್ತು.

ಅಂಗಳದ ಒಂದು ಬದಿಗೆ ಬಲೆ ಕಟ್ಟಿ ಎಳೆಯವನ್ನು ಒಳಗೆ ಬಿಟ್ಟರು. ಮದುಮಗಳಿಗೆ ಪರದೆ ಕಟ್ಟಿದ ಹಾಗಿದೆ, ವಾದ್ಯದವರನ್ನೂ ಕರೆಸಲೇ ಅಂತ ಕಿಚಾಯಿಸಿದೆ. ನಿನ್ನನ್ನೇ ಒಳಗೆ ಕೂರಿಸ್ತೀನಿ ಅಂತ ಅಕ್ಕ ಬೈದಳು. ಸಂಜೆ ಊಟಕ್ಕೆ ಸೊಸೆಯ ಮುಂದೆ ಬೇರೆಯೇ ಒಂದು ಬಟ್ಟಲು ತುಂಬಿಟ್ಟು, ಮೇಲೆ ಒಳ್ಳೆಯ ಮಾಂಸದ ತುಂಡು ಹಾಕಿದಳಂತೆ. ಗಂಡಸರು ಹುಬ್ಬೇರಿಸಿದ್ದಕ್ಕೆ ಬಿದ್ದ ಬೈಗುಳ ಮಾತ್ರ ನನಗೇ ಕೇಳಿಸಿತು. ಮುನೀಸಾ ಬಟ್ಟಲು ಖಾಲಿ ಮಾಡಿದಳು.

ಬಲೆಯಾಚೆಯಿಂದ ದಿನವೂ ನೋಡಿ ನೋಡಿ ಹಳೇ ಕೋಳಿಗಳಿಗೂ ಬೇಸರ ಬಂತು. ಬಲೆ ಬಿಚ್ಚಿ, ತಟ್ಟೆಗಳನ್ನು ದೂರ ದೂರ ಇಟ್ಟಾಗ ಕೆಂಪು ಹೇಂಟೆ ಒಂದೆರಡು ಸಲ ಕುಕ್ಕಿ ಸುಮ್ಮನಾಯಿತು. ದ್ರಾಕ್ಷಿ ಹಣ್ಣಾಗುವಷ್ಟರಲ್ಲಿ ಎಲ್ಲವೂ ಒಂದೇ ಗಳದ ಮೇಲೆ ಕೂರುತ್ತಿದ್ದವು.

ಎಳೆ ಹೇಂಟೆ ಮೊದಲ ಮೊಟ್ಟೆ ಇಟ್ಟ ದಿನ ನನ್ನನ್ನೂ ಊಟಕ್ಕೆ ಕರೆದರು. ಹರಿವಾಣದ ನಡುವೆ ಹದವಾಗಿ ಬೆಂದ ಇಡೀ ಬೆಳ್ಳುಳ್ಳಿ ಗಡ್ಡೆ. ಅದು ಯಾವತ್ತೂ ಅನೋರ್ಖೋನಕ್ಕನದು, ಮಕ್ಕಳೂ ಮುಟ್ಟುವುದಿಲ್ಲ. ಮುನೀಸಾ ತನ್ನ ಬಟ್ಟಲನ್ನು ಬದಿಗಿಟ್ಟು, ಗಂಡನನ್ನು ಮೊಣಕೈಯಿಂದ ಆಚೆ ತಳ್ಳಿ, ಆ ಗಡ್ಡೆಯನ್ನೇ ಎತ್ತಿಕೊಂಡಳು. ಎಲ್ಲರ ಕೈಯೂ ನಿಂತಿತು.

"ಅದು ನನ್ ಬೆಳ್ಳುಳ್ಳಿ ಕಣೇ," ಅಂದಳು ಅಕ್ಕ.

"ಗೊತ್ತಮ್ಮಾ," ಅಂದು ಮುನೀಸಾ ಒಂದು ಎಸಳು ಹಿಂಡಿ ಬಾಯಿಗೆ ಹಾಕಿಕೊಂಡಳು.

ಅನೋರ್ಖೋನಕ್ಕ ಖುಷಿಗೆ ನನ್ನ ತೊಡೆಯನ್ನು ಎಷ್ಟು ಜೋರಾಗಿ ಜಿಗುಟಿದಳೆಂದರೆ, ಅದರ ಕಲೆ ವಾರವಾದರೂ ಹೋಗಲಿಲ್ಲ.