ಬಲಗಡೆ ಸ್ಪೀಕರಿನೊಳಗಿನ ಅದಿರು

ಗೆಳೆಯರೇ, ಇವತ್ತು ನಾನು ಹೆಂಡತಿಯ ಮುಂದೆ ಸೋತು ಕೂತಿದ್ದೇನೆ, ಅದೂ ಸಂತೋಷವಾಗಿ.

ಇಪ್ಪತ್ತೈದು ವರ್ಷದ ನನ್ನ ಸ್ಟೀರಿಯೋದ ಬಲಗಡೆ ಸ್ಪೀಕರು ಬೆಳಿಗ್ಗೆ ಗರಗರ ಅನ್ನತೊಡಗಿತು. ಹಳೇ ರಿಪೇರಿಯವರಾದ ಖಾಜಾಸಾಬರು ಫೋನು ಮಾಡಿದ ಕೂಡಲೇ ಸಂಡೂರಿನಿಂದ ಬಸ್ಸು ಹಿಡಿದು ಬಂದರು. ಬಿಚ್ಚಿ ನೋಡಿದರೆ ಒಳಗಿನ ಮ್ಯಾಗ್ನೆಟ್ಟಿಗೆ ಕೆಂಪು ಧೂಳು ಮೆತ್ತಿಕೊಂಡಿದೆ. ಹೊಸಪೇಟೆಯ ನಮ್ಮ ಮನೆ ಮುಂದೆ ದಿನವಿಡೀ ಅದಿರಿನ ಲಾರಿಗಳು. ಕಬ್ಬಿಣದ ಪುಡಿಯನ್ನು ಮ್ಯಾಗ್ನೆಟ್ಟು ಬಿಟ್ಟೀತೇ?

"ಅಕ್ಕಾರ, ಚಪಾತಿ ಹಿಟ್ಟು ಒಂಚೂರು ಕೊಡ್ರಿ" ಅಂದರು. ನಾದಿದ ಹಿಟ್ಟನ್ನು ಸಣ್ಣ ಎಳೆಯಾಗಿ ಹೊಸೆದು, ಸಂದಿಗೆ ಒತ್ತಿ ಒತ್ತಿ ತೆಗೆದರು. ಪ್ರತಿ ಸಲವೂ ಹಿಟ್ಟು ಕೆಂಪಾಗಿ ಬಂತು.

ಆಮೇಲೆ ಎಡಗಡೆಯದನ್ನೂ ಬಿಚ್ಚಿ ನೋಡಿ, "ಎಡಗಡೇದು ಭಾಳ ಸ್ವಚ್ಛ ಐತಲ್ರಿ, ಅದ್ಹೆಂಗ?" ಅಂದರು.

ಹೆಂಡತಿ ನನ್ನ ಕಡೆ ತಿರುಗಿ, "ನೀವ ಹೇಳ್ರಿ" ಅಂದಳು.

ಧೂಳು ಕೂರಬಾರದೆಂದು ಅವಳು ಮೊದಲಿನಿಂದಲೂ ಎರಡೂ ಸ್ಪೀಕರಿಗೆ ಸೀರೆ ಹೊದಿಸುತ್ತಿದ್ದಳು. ಅದರಿಂದ ದನಿ ಮಂಕಾಗುತ್ತದೆ ಎಂದು ಹೋದ ವರ್ಷ ನಾನೇ ಜಗಳ ತೆಗೆದಿದ್ದೆ. ಕೊನೆಗೆ ಎಡಗಡೆಯದು ಅವಳದು, ಬಲಗಡೆಯದು ನನ್ನದು ಎಂದು ರಾಜಿಯಾಗಿತ್ತು. ಅವಳದರ ಮೇಲೆ ಈಗಲೂ ಹಳೇ ವಾಯಿಲ್ ಸೀರೆ.

ಖಾಜಾಸಾಬರು ಆ ಕೆಂಪು ಹಿಟ್ಟಿನ ಉಂಡೆಯನ್ನು ನನ್ನ ಕೈಗಿಟ್ಟರು. "ಒಗೀಬ್ಯಾಡ್ರಿ ಸರ, ಅದಿರಂದ್ರ ಚೀನಾದವ್ರು ಇದನ್ನೂ ತಗೋತಾರ."

ಮಧ್ಯಾಹ್ನದಿಂದ ಎರಡೂ ಸ್ಪೀಕರು ಮತ್ತೆ ಒಂದೇ ದನಿಯಲ್ಲಿ ಹಾಡುತ್ತಿವೆ. ಅವರ ಕೈಗೂ ಅವಳ ಸೀರೆಗೂ ನಾನು ಋಣಿ. ಬಲಗಡೆಯದಕ್ಕೆ ಈಗ ನನ್ನ ಪಂಚೆ ಹೊದಿಸಿದ್ದೇನೆ. ಇನ್ನೊಂದು ಸೀರೆ ಕೇಳಲು ನನಗೆ ಮುಖವಿರಲಿಲ್ಲ.